ಇಜಿಎಂ ಕೋರಿಕೆ ಪತ್ರ ಬಂದ ಮೇಲೆ: ಇನ್ವೆಸ್ಟರ್ ರಿಲೇಷನ್ಸ್ ವಿಭಾಗದಿಂದ ಒಂದು ಅನುಭವ

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಯಲ್ಲಿ ನಾನು ಇನ್ವೆಸ್ಟರ್ ರಿಲೇಷನ್ಸ್, ಅಂದರೆ ಹೂಡಿಕೆದಾರರ ಜೊತೆಗಿನ ಸಂಪರ್ಕ, ನೋಡಿಕೊಳ್ಳುತ್ತೇನೆ. ನಮ್ಮ ಷೇರುದಾರರಲ್ಲೇ ಒಂದು ಗುಂಪು ಬೋರ್ಡಿನ ವಿರುದ್ಧ ತಿರುಗಿಬಿದ್ದು, ಒಬ್ಬ ಡೈರೆಕ್ಟರನ್ನು ಕೆಳಗಿಳಿಸಲು ಇಜಿಎಂ, ಅಂದರೆ ವಾರ್ಷಿಕ ಸಭೆಯಲ್ಲದೆ ನಡುವೆ ಕರೆಯುವ ಷೇರುದಾರರ ವಿಶೇಷ ಸಭೆ, ಕರೆಸಿತು. ಆ ಸಭೆ ಈಗಷ್ಟೇ ಮುಗಿದಿದೆ. ಇದನ್ನು ಹೇಗೆ ಎದುರಿಸಬೇಕು ಅಂತ ಕೇಳೋಣ ಅಂದರೆ, ಅನುಭವ ಇರುವವರು ಕಂಪನಿಯ ಮಾತು ಹೊರಗೆ ಬರುತ್ತದೆ ಅಂತ ಬಾಯಿ ಬಿಡುವುದಿಲ್ಲ. ನಾನೂ ಕಂಪನಿಯ ಹೆಸರು, ಆ ಗುಂಪಿನಲ್ಲಿದ್ದ ಹೂಡಿಕೆ ಫಂಡುಗಳ ಹೆಸರು ಹೇಳುವ ಹಾಗಿಲ್ಲ. ಆದರೆ ನಡೆದದ್ದನ್ನು ಹೇಳಬಹುದು. ಸೆಕ್ರೆಟೇರಿಯಲ್ ವಿಭಾಗದಲ್ಲೋ ನಮ್ಮಂಥ ವಿಭಾಗದಲ್ಲೋ ಇರುವವರಿಗೆ ಉಪಯೋಗವಾದೀತು.

ಜಗಳ ಶುರುವಾಗಿದ್ದು ಸಭೆ ಕರೆಯಿರಿ ಅಂತ ಅವರು ಕೊಟ್ಟ ಕೋರಿಕೆ ಪತ್ರದಿಂದಲ್ಲ. ನಮ್ಮ ಪ್ರಾಡಕ್ಟುಗಳ ಬ್ರ್ಯಾಂಡ್ ಹೆಸರು ಪ್ರಮೋಟರ್ (ಕಂಪನಿಯ ಹಿಡಿತ ಇರುವ) ಕುಟುಂಬದ ಒಂದು ಖಾಸಗಿ ಕಂಪನಿಯದು. ಆ ಹೆಸರು ಬಳಸಿದ್ದಕ್ಕೆ ನಾವು ಪ್ರತಿ ವರ್ಷ ರಾಯಲ್ಟಿ ಕೊಡುತ್ತೇವೆ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಇಂಥ ರಾಯಲ್ಟಿ ಕಂಪನಿಯ ವಾರ್ಷಿಕ ವಹಿವಾಟಿನ ಶೇ 5 ದಾಟಿದರೆ ಷೇರುದಾರರ ಒಪ್ಪಿಗೆ ಬೇಕು. ನಮ್ಮದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಬೋರ್ಡಿನ ಲೆಕ್ಕಪತ್ರ ನೋಡುವ ಆಡಿಟ್ ಕಮಿಟಿ ಒಪ್ಪಿದರೆ ಸಾಕಿತ್ತು, ಒಪ್ಪಿತ್ತು ಕೂಡ. ಆದರೆ ದರ ಮಾತ್ರ ಸ್ವಲ್ಪ ಸ್ವಲ್ಪವೇ ಏರುತ್ತಾ ಬಂತು.

ತ್ರೈಮಾಸಿಕ ಫಲಿತಾಂಶದ ನಂತರದ ಕಾನ್ಫರೆನ್ಸ್ ಕಾಲ್‌ನಲ್ಲಿ ಒಂದು ಫಂಡಿನವರು ಇದನ್ನೇ ಕೇಳುತ್ತಿದ್ದರು. "ಹೆಸರು ಬೆಳೆಸಲು ಜಾಹೀರಾತಿಗೆ ದುಡ್ಡು ಹಾಕುವುದು ಲಿಸ್ಟೆಡ್ ಕಂಪನಿ. ಹಾಗಿದ್ದ ಮೇಲೆ ರಾಯಲ್ಟಿ ಯಾಕೆ?" ನಮ್ಮ ಕಡೆಯಿಂದ ಪ್ರತಿ ಸಲವೂ ಒಂದೇ ಉತ್ತರ: "ಎಲ್ಲವೂ ಕಾನೂನು ಪ್ರಕಾರವೇ ಇದೆ." ಅವರು ಕೇಳಿದ್ದು ಯಾಕೆ ಅಂತ. ನಾವು ಹೇಳಿದ್ದು ಕಾನೂನಿನಲ್ಲಿ ಅವಕಾಶ ಇದೆ ಅಂತ. ಈ ಎರಡರ ನಡುವಿನ ದೂರವೇ ಮುಂದೆ ಇಜಿಎಂ ಆಯಿತು.

ಆಮೇಲೆ ಅವರು ಬೋರ್ಡಿಗೆ ಖಾಸಗಿಯಾಗಿ ಪತ್ರ ಬರೆದರು. ಸ್ವತಂತ್ರ ಡೈರೆಕ್ಟರುಗಳನ್ನು, ಅಂದರೆ ಪ್ರಮೋಟರುಗಳ ಜೊತೆ ಸಂಬಂಧ ಇಲ್ಲದ ಡೈರೆಕ್ಟರುಗಳನ್ನು, ಭೇಟಿಯಾಗಬೇಕು ಅಂದರು. ಬೋರ್ಡು ಮ್ಯಾನೇಜ್‌ಮೆಂಟನ್ನು ಭೇಟಿಯಾಗಿ ಅಂತ ಉತ್ತರ ಕಳಿಸಿತು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ದೊಡ್ಡ ಹೂಡಿಕೆದಾರರು ಸ್ವತಂತ್ರ ಡೈರೆಕ್ಟರನ್ನು ಕಾಣಬೇಕು ಅಂದರೆ ದಯವಿಟ್ಟು ತಳ್ಳಿಹಾಕಬೇಡಿ. ಮ್ಯಾನೇಜ್‌ಮೆಂಟಿನ ಮೇಲೆ ನಂಬಿಕೆ ಹೋದವರಷ್ಟೇ ಹಾಗೆ ಕೇಳುತ್ತಾರೆ. ಅದು ಕೊನೆಯ ಬಾಗಿಲು. ಅದನ್ನು ಮುಚ್ಚಿದರೆ ಅವರಿಗೆ ಉಳಿಯುವುದು ಬಹಿರಂಗ ಜಗಳ ಮಾತ್ರ.

ಕೋರಿಕೆ ಪತ್ರ ಬಂದಿದ್ದು ಮೂರು ಫಂಡುಗಳಿಂದ, ಜಂಟಿಯಾಗಿ. ಕಂಪನಿ ಕಾಯ್ದೆ 2013ರ ಸೆಕ್ಷನ್ 100ರ ಪ್ರಕಾರ ಮತದಾನದ ಹಕ್ಕಿರುವ ಷೇರು ಬಂಡವಾಳದಲ್ಲಿ ಹತ್ತನೇ ಒಂದು ಭಾಗ ಇದ್ದವರು ಇಜಿಎಂ ಕರೆಯಿರಿ ಅಂತ ಕೇಳಬಹುದು. ಮೂವರದ್ದೂ ಸೇರಿ ಅದಕ್ಕಿಂತ ಸ್ವಲ್ಪ ಮೇಲಿತ್ತು. ಕೇಳಿದ್ದು ಎರಡು. ಪ್ರಮೋಟರ್ ಕುಟುಂಬದ ಖಾಸಗಿ ಕಂಪನಿಯಲ್ಲೂ ನಮ್ಮ ಬೋರ್ಡಿನಲ್ಲೂ ಕೂತಿರುವ ಒಬ್ಬ ಡೈರೆಕ್ಟರನ್ನು ತೆಗೆಯಬೇಕು. ತಾವು ಸೂಚಿಸಿದ ಒಬ್ಬರನ್ನು ಸ್ವತಂತ್ರ ಡೈರೆಕ್ಟರ್ ಆಗಿ ನೇಮಿಸಬೇಕು. ರಾಯಲ್ಟಿ ನಿಲ್ಲಿಸಿ ಅಂತ ಎಲ್ಲೂ ನಿರ್ಣಯ ಇರಲಿಲ್ಲ. ದಿನನಿತ್ಯದ ವ್ಯವಹಾರ ಬೋರ್ಡಿನ ಕೈಯಲ್ಲಿರುತ್ತದೆ, ಅದನ್ನು ಷೇರುದಾರರು ನೇರವಾಗಿ ನಡೆಸುವಂತಿಲ್ಲ. ಬೋರ್ಡಿನಲ್ಲಿ ಯಾರು ಇರಬೇಕು ಅನ್ನುವುದು ಅವರ ಕೈಯಲ್ಲಿದೆ. ಹಾಗಾಗಿ ಇಂಥ ಸಿಟ್ಟು ಹೆಚ್ಚಾಗಿ ಕೊನೆಗೆ ಡೈರೆಕ್ಟರ್ ಬದಲಾವಣೆಯ ರೂಪದಲ್ಲೇ ಬರುತ್ತದೆ.

ಮೊದಲ ಕೆಲಸ ಸ್ಟಾಕ್ ಎಕ್ಸ್‌ಚೇಂಜಿಗೆ ತಿಳಿಸುವುದು. ಹೊರಗಿನಿಂದ ಬಂದ ಮಹತ್ವದ ಬೆಳವಣಿಗೆಗೆ 24 ಗಂಟೆ ಸಮಯ. ಬರೆಯಬೇಕಾದದ್ದು ನಾಲ್ಕು ಸಾಲು. ಆ ನಾಲ್ಕು ಸಾಲಿಗೆ ವಕೀಲರು, ಸಿಎಫ್‌ಒ (ಹಣಕಾಸು ಮುಖ್ಯಸ್ಥರು), ಕಂಪನಿ ಸೆಕ್ರೆಟರಿ (ಕಂಪನಿ ಕಾನೂನಿನ ಪಾಲನೆ ನೋಡುವವರು), ಪ್ರಮೋಟರ್ ಕಡೆಯವರು ಎಲ್ಲರೂ ತಿದ್ದುಪಡಿ ಹಾಕಿದರು. ಒಂದು ಹಂತದಲ್ಲಿ "ದುರುದ್ದೇಶದಿಂದ" ಅನ್ನುವ ಪದ ಬಂದು ಕೂತಿತ್ತು. ಕಂಪನಿ ಸೆಕ್ರೆಟರಿ ಹಟ ಹಿಡಿದು ಅದನ್ನು ತೆಗೆಸಿದರು. ಅವರಿಗೆ ನಾನು ಈಗಲೂ ಋಣಿ. ಆ ಪದ ಎಕ್ಸ್‌ಚೇಂಜಿಗೆ ಹೋಗಿದ್ದರೆ ಮುಂದೆ ನಾವು ಮತ ಕೇಳಲು ಹೋದ ಪ್ರತಿ ಫಂಡಿನ ಮುಂದೆಯೂ ಅದಕ್ಕೆ ಜವಾಬು ಕೊಡಬೇಕಾಗುತ್ತಿತ್ತು.

ಆಮೇಲಿನ ವಾರವೆಲ್ಲ ಕೋರಿಕೆ ಪತ್ರದಲ್ಲಿ ಲೋಪ ಹುಡುಕುವುದರಲ್ಲೇ ಹೋಯಿತು. ಸಹಿ ಮಾಡಿದವರಿಗೆ ಅಧಿಕಾರ ಇದೆಯೇ, ಪವರ್ ಆಫ್ ಅಟಾರ್ನಿಯ ಪ್ರತಿ ಇದೆಯೇ, ಡಿಮ್ಯಾಟ್ ಖಾತೆಯಲ್ಲಿರುವ ಹೆಸರೂ ಪತ್ರದಲ್ಲಿರುವ ಹೆಸರೂ ಅಕ್ಷರಕ್ಷರ ಹೊಂದುತ್ತವೆಯೇ. ಈ ಪರಿಶೀಲನೆ ಮಾಡಲೇಬೇಕು, ತಪ್ಪಲ್ಲ. ಆದರೆ ಇದರಿಂದಲೇ ಸಭೆ ತಪ್ಪಿಸಬಹುದು ಅಂತ ನಂಬಿ ಕೂರಬೇಡಿ. 2021ರಲ್ಲಿ ಹೂಡಿಕೆ ಸಂಸ್ಥೆ ಇನ್ವೆಸ್ಕೋ ಟಿವಿ ಚಾನೆಲ್‌ಗಳ ಝೀ ಕಂಪನಿಗೆ ಇಂಥದ್ದೇ ಕೋರಿಕೆ ಕೊಟ್ಟಾಗ ಬೋರ್ಡು ನಿರಾಕರಿಸಿತ್ತು. ಬಾಂಬೆ ಹೈಕೋರ್ಟಿನ ಏಕಸದಸ್ಯ ಪೀಠ ಕಂಪನಿಯ ಪರ ತಡೆ ಕೊಟ್ಟರೂ, 2022ರ ಮಾರ್ಚಿನಲ್ಲಿ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿತು. ಷೇರಿನ ಪ್ರಮಾಣ ಮತ್ತು ಪತ್ರದ ರೂಪ ಸರಿಯಿದ್ದರೆ ಬೋರ್ಡು ಸಭೆ ಕರೆಯಬೇಕು, ನಿರ್ಣಯ ಸರಿಯೋ ತಪ್ಪೋ ಅಂತ ತೂಗುವ ಅಧಿಕಾರ ಬೋರ್ಡಿಗಿಲ್ಲ ಅನ್ನುವುದು ಆ ತೀರ್ಪಿನ ಸಾರ. ನಮ್ಮ ವಕೀಲರು ಇದನ್ನು ಓದಿ ಹೇಳಿದ ಮೇಲೆ ಬೋರ್ಡ್ ರೂಮಿನ ವಾತಾವರಣವೇ ಬದಲಾಯಿತು. ಇನ್ನೊಂದು ವಿಷಯಕ್ಕೂ ಡೈರೆಕ್ಟರುಗಳು ಕಿವಿ ನಿಮಿರಿಸಿದರು. ಬೋರ್ಡು ಕರೆಯದಿದ್ದರೆ ಕೋರಿಕೆ ಕೊಟ್ಟವರೇ ಮೂರು ತಿಂಗಳೊಳಗೆ ಸಭೆ ನಡೆಸಬಹುದು. ಅದರ ಖರ್ಚನ್ನು ಕಂಪನಿ ಕೊಟ್ಟು, ತಪ್ಪಿತಸ್ಥ ಡೈರೆಕ್ಟರುಗಳಿಗೆ ಬರಬೇಕಾದ ಹಣದಲ್ಲಿ ಹಿಡಿದುಕೊಳ್ಳಬೇಕು ಅಂತ ಕಾಯ್ದೆಯಲ್ಲೇ ಇದೆ.

ದಿನಗಳ ಲೆಕ್ಕ ಮೊದಲೇ ಬರೆದಿಟ್ಟುಕೊಳ್ಳಿ. ಪತ್ರ ತಲುಪಿದ 21 ದಿನದೊಳಗೆ ಬೋರ್ಡು ಸಭೆ ಕರೆಯುವ ಕೆಲಸಕ್ಕೆ ಕೈ ಹಾಕಬೇಕು. ಸಭೆ 45 ದಿನದೊಳಗೆ ನಡೆಯಬೇಕು. 45 ಅಂದರೆ ಬೇಕಾದಷ್ಟಾಯಿತಲ್ಲ ಅನ್ನಿಸುತ್ತದೆ. ಆದರೆ ನೋಟಿಸಿಗೆ ಕಳಿಸಿದ ದಿನ, ಸಭೆಯ ದಿನ ಎರಡನ್ನೂ ಬಿಟ್ಟು ಪೂರ್ತಿ 21 ದಿನ ಬೇಕು. ಅಂಚೆಯಲ್ಲಿ ಕಳಿಸಿದ್ದು ತಲುಪಲು ಇನ್ನೆರಡು ದಿನ ಸೇರಿಸಿ. ಅದಕ್ಕೂ ಮುಂಚೆ ಪ್ರಿಂಟಿಂಗು, ಇ-ವೋಟಿಂಗ್ ಏಜೆನ್ಸಿ, ಸ್ಕ್ರೂಟಿನೈಸರ್ (ಮತದಾನ ಪರಿಶೀಲಿಸುವವರು) ನೇಮಕ, ತೆಗೆಯಬೇಕಾದ ಡೈರೆಕ್ಟರು ಕೊಡುವ ಲಿಖಿತ ಹೇಳಿಕೆ. ಆ ಹೇಳಿಕೆಯನ್ನು ಷೇರುದಾರರಿಗೆ ಕಳಿಸಿ ಅಂತ ಕೇಳುವ ಹಕ್ಕು ಅವರಿಗಿದೆ. ಎಲ್ಲ ಸೇರಿದರೆ ಮೊದಲ 20 ದಿನದಲ್ಲೇ ನೋಟಿಸು ಹೊರಡಬೇಕು. ಅದರಲ್ಲಿ ಅರ್ಧ ಲೋಪ ಹುಡುಕುವುದರಲ್ಲೇ ಕಳೆದುಹೋದರೆ ಉಳಿದದ್ದು ಎಷ್ಟು ಅಂತ ನೀವೇ ನೋಡಿ.

ಇನ್ನು ಗೆಲುವು ಸೋಲಿನ ವಿಚಾರ. ಪ್ರಮೋಟರುಗಳ ಪಾಲು ಶೇ 45ರ ಆಸುಪಾಸು. ಡೈರೆಕ್ಟರನ್ನು ತೆಗೆಯುವುದು ಸಾಮಾನ್ಯ ನಿರ್ಣಯ, ಅರ್ಧಕ್ಕಿಂತ ಜಾಸ್ತಿ ಮತ ಬೇಕು. ಎಲ್ಲರೂ ಮತ ಹಾಕುವುದಿಲ್ಲವಾದ್ದರಿಂದ ಚಲಾವಣೆಯಾದ ಮತದಲ್ಲಿ ಪ್ರಮೋಟರುಗಳ ಪಾಲು ತಾನಾಗಿಯೇ ಅರ್ಧ ದಾಟುತ್ತದೆ. ಸ್ವತಂತ್ರ ಡೈರೆಕ್ಟರ್ ನೇಮಕಕ್ಕೆ 2022ರ ಜನವರಿಯಿಂದ ಲಿಸ್ಟೆಡ್ ಕಂಪನಿಗಳಲ್ಲಿ ವಿಶೇಷ ನಿರ್ಣಯ ಬೇಕು, ಅಂದರೆ ವಿರುದ್ಧ ಬಿದ್ದ ಮತದ ಮೂರು ಪಟ್ಟು ಪರವಾಗಿ ಬೀಳಬೇಕು. ಪ್ರಮೋಟರುಗಳು ಬೇಡ ಅಂದರೆ ಮುಗಿಯಿತು. "ಎರಡೂ ಬಿದ್ದುಹೋಗುತ್ತವೆ, ಮತ್ಯಾಕೆ ಇಷ್ಟು ತಲೆಬಿಸಿ?" ಅಂತ ಬೋರ್ಡಿನಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಅದಕ್ಕೆ ಉತ್ತರ ಮತದಾನದ ಫಲಿತಾಂಶದ ನಮೂನೆಯಲ್ಲಿದೆ. ಎಕ್ಸ್‌ಚೇಂಜಿಗೆ ಕೊಡುವ ಆ ಹಾಳೆಯಲ್ಲಿ ಪ್ರತಿ ನಿರ್ಣಯಕ್ಕೂ ಮೂರು ಗುಂಪಿನ ಲೆಕ್ಕ ಇರುತ್ತದೆ. ಮೊದಲನೆಯದು ಪ್ರಮೋಟರುಗಳು. ಎರಡನೆಯದು ಸಾರ್ವಜನಿಕ ಸಂಸ್ಥೆಗಳು, ಅಂದರೆ ಮ್ಯೂಚುವಲ್ ಫಂಡು, ವಿದೇಶಿ ಫಂಡು, ವಿಮಾ ಕಂಪನಿಗಳು. ಮೂರನೆಯದು ಉಳಿದ ಸಾರ್ವಜನಿಕರು. ಒಟ್ಟು ಲೆಕ್ಕದಲ್ಲಿ ನೀವು ಗೆದ್ದರೂ ಎರಡನೆಯ ಸಾಲನ್ನು ಇಡೀ ಮಾರುಕಟ್ಟೆ ಓದುತ್ತದೆ. ಆ ಫಂಡುಗಳಿಗೂ ಬೇಕಾಗಿದ್ದು ಅದೇ. ನಮ್ಮ ಒಬ್ಬ ಸ್ವತಂತ್ರ ಡೈರೆಕ್ಟರ ಎರಡನೆಯ ಅವಧಿಯ ನೇಮಕ ಮುಂದಿನ ವಾರ್ಷಿಕ ಮಹಾಸಭೆಗೆ ಬರುತ್ತದೆ. ಅದಕ್ಕೂ ವಿಶೇಷ ನಿರ್ಣಯವೇ ಬೇಕು. ಎರಡನೆಯ ಸಾಲಿನವರೆಲ್ಲ ಒಟ್ಟಾಗಿ ಬೇಡ ಅಂದರೆ ಆಗ ಬೀಳುವುದು ನಮ್ಮ ನಿರ್ಣಯ. 2021ರಲ್ಲಿ ಐಷರ್ ಮೋಟಾರ್ಸ್‌ನಂಥ ಕಂಪನಿಯಲ್ಲೇ ವ್ಯವಸ್ಥಾಪಕ ನಿರ್ದೇಶಕ (ಎಂಡಿ) ಆಗಿದ್ದ ಸಿದ್ಧಾರ್ಥ ಲಾಲ್ ಅವರ ಮರುನೇಮಕದ ವಿಶೇಷ ನಿರ್ಣಯ ಸಂಬಳದ ಕಾರಣಕ್ಕೆ ಶೇ 75 ಮುಟ್ಟದೆ ಬಿದ್ದಿತ್ತು, ನಂತರ ಸಂಬಳದ ಷರತ್ತು ಬದಲಿಸಿ ಮತ್ತೆ ಕೇಳಬೇಕಾಯಿತು. ಈ ಉದಾಹರಣೆ ಇಟ್ಟ ಮೇಲೆ "ಯಾಕೆ ತಲೆಬಿಸಿ" ಅಂದವರೇ ಯಾವ ಯಾವ ಫಂಡನ್ನು ಭೇಟಿಯಾಗಬೇಕು, ಪಟ್ಟಿ ಕೊಡಿ ಅಂದರು.

ಆ ಪಟ್ಟಿ ಮಾಡುವುದೇ ಒಂದು ದೊಡ್ಡ ಕೆಲಸ. ಯಾರ ಹತ್ತಿರ ಎಷ್ಟು ಷೇರಿದೆ ಅನ್ನುವ ಬೆನ್‌ಪೋಸ್ ಫೈಲು, ಷೇರುದಾರರ ದಾಖಲೆ ಇಡುವ ಏಜೆನ್ಸಿ (ಆರ್‌ಟಿಎ) ಕಡೆಯಿಂದ ವಾರಕ್ಕೊಮ್ಮೆ ಬರುತ್ತದೆ. ಅದರಲ್ಲಿ ಖಾತೆಯ ಹೆಸರು ಸಿಗುತ್ತದೆ, ತೀರ್ಮಾನ ತೆಗೆದುಕೊಳ್ಳುವ ಮನುಷ್ಯ ಸಿಗುವುದಿಲ್ಲ. ವಿದೇಶಿ ಫಂಡೊಂದರ ಹೆಸರಿನಲ್ಲಿ ನಾಲ್ಕೈದು ಖಾತೆ, ಒಂದೊಂದನ್ನೂ ನಡೆಸುವವರು ಬೇರೆ ಬೇರೆ. ಇನ್ನೊಂದು ತೊಡಕೂ ಇತ್ತು. ನಮಗೆ ವರ್ಷಗಳಿಂದ ಪರಿಚಯ ಇರುವವರು ಫಂಡ್ ಮ್ಯಾನೇಜರುಗಳು, ಅನಲಿಸ್ಟುಗಳು. ದೊಡ್ಡ ವಿದೇಶಿ ಸಂಸ್ಥೆಗಳಲ್ಲಿ ಮತದ ವಿಚಾರ ನೋಡುವುದು ಸ್ಟೀವರ್ಡ್‌ಶಿಪ್ ತಂಡ. ಅವರು ನಮ್ಮ ಫ್ಯಾಕ್ಟರಿ ನೋಡಿದವರಲ್ಲ, ಕಾನ್ಫರೆನ್ಸ್ ಕಾಲ್ ಕೇಳಿದವರಲ್ಲ. ಅವರ ಮುಂದೆ ಇರುವುದು ಒಂದು ಪಾಲಿಸಿ ಪುಸ್ತಕ ಮತ್ತು ಹೇಗೆ ಮತ ಹಾಕಬೇಕು ಅಂತ ಹೂಡಿಕೆದಾರರಿಗೆ ಸಲಹೆ ಕೊಡುವ ಪ್ರಾಕ್ಸಿ ಅಡ್ವೈಸರಿ ಸಂಸ್ಥೆಗಳ ವರದಿ. ಜಗಳ ಇಲ್ಲದ ಕಾಲದಲ್ಲೇ ಆ ತಂಡದವರ ಪರಿಚಯ ಮಾಡಿಕೊಳ್ಳಿ. ನೋಟಿಸು ಹೊರಟ ಮೇಲೆ ಭೇಟಿಗೆ ಸಮಯ ಕೇಳಿದರೆ, ಸಿಗುವಷ್ಟರಲ್ಲಿ ಮತ ಹಾಕಿ ಮುಗಿಸಿರುತ್ತಾರೆ. ಕಸ್ಟೋಡಿಯನ್ (ಫಂಡುಗಳ ಪರವಾಗಿ ಷೇರು ಇಟ್ಟುಕೊಳ್ಳುವ ಸಂಸ್ಥೆ) ಮೂಲಕ ಹೋಗುವ ವಿದೇಶಿ ಮತಗಳ ಗಡುವು ನಮ್ಮ ಇ-ವೋಟಿಂಗ್ ಗಡುವಿಗಿಂತ ಎಷ್ಟೋ ಮುಂಚೆ ಬರುತ್ತದೆ. ನಮಗೂ ಇಬ್ಬರು ಹೀಗೇ ಕೈತಪ್ಪಿದರು.

ದೇಶದ ಮ್ಯೂಚುವಲ್ ಫಂಡುಗಳ ಕಥೆ ಬೇರೆ. 2022ರ ಏಪ್ರಿಲ್‌ನಿಂದ ಅವರು ಎಲ್ಲ ನಿರ್ಣಯಕ್ಕೂ ಮತ ಹಾಕಲೇಬೇಕು. ಯಾಕೆ ಹಾಗೆ ಹಾಕಿದೆವು ಅಂತ ಕಾರಣವನ್ನೂ ಪ್ರಕಟಿಸಬೇಕು. ಹಾಗಾಗಿ "ಸರ್, ನಮ್ಮ ಕಡೆ ಒಂಚೂರು ನೋಡ್ಕೊಳ್ಳಿ" ಅನ್ನುವ ಹಳೆಯ ಫೋನ್ ಕರೆಗೆ ಈಗ ಅರ್ಥವಿಲ್ಲ. ಒಬ್ಬ ಫಂಡ್ ಮ್ಯಾನೇಜರ್ ನನಗೆ ನೇರವಾಗಿ ಹೇಳಿದರು: "ನಾನು ನಿಮ್ಮ ಪರ ಹಾಕ್ತೀನಿ ಅಂತಿಟ್ಟುಕೊಳ್ಳಿ. ಕಾರಣದ ಕಾಲಮ್ಮಿನಲ್ಲಿ ಏನು ಬರೀಲಿ, ನೀವೇ ಹೇಳಿ." ಆ ಪ್ರಶ್ನೆ ತೆಗೆದುಕೊಂಡೇ ನಾನು ಸಿಎಫ್‌ಒ ಹತ್ತಿರ ಹೋದೆ. ರಾಯಲ್ಟಿ ದರ ಹೇಗೆ ನಿಗದಿಯಾಯಿತು, ಬೇರೆ ಕಂಪನಿಗಳಲ್ಲಿ ಎಷ್ಟಿದೆ, ಒಪ್ಪಂದ ಯಾವಾಗ ಮುಗಿಯುತ್ತದೆ ಅನ್ನುವುದೆಲ್ಲ ಆಗ ಮೊದಲ ಬಾರಿಗೆ ಒಂದೇ ಕಾಗದದ ಮೇಲೆ ಬಂತು.

ಪ್ರಾಕ್ಸಿ ಅಡ್ವೈಸರಿ ವರದಿಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮಲ್ಲಿ ಐಐಎಎಸ್, ಎಸ್‌ಇಎಸ್, ಬೆಂಗಳೂರಿನದೇ ಆದ ಇನ್‌ಗವರ್ನ್ ಇಂಥ ಸಂಸ್ಥೆಗಳಿವೆ. ಸೆಬಿ 2020ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ವರದಿಯನ್ನು ಗ್ರಾಹಕರಿಗೆ ಕಳಿಸಿದಾಗಲೇ ಕಂಪನಿಗೂ ಕಳಿಸಬೇಕು. ಕಂಪನಿ ಗಡುವಿನೊಳಗೆ ಕೊಟ್ಟ ಉತ್ತರವನ್ನು ಗ್ರಾಹಕರಿಗೂ ತಲುಪಿಸಬೇಕು. ಹಾಗಾಗಿ ಉತ್ತರ ಬರೆಯುವವರು, ಒಪ್ಪುವವರು ಯಾರು ಅನ್ನುವುದನ್ನು ವರದಿ ಬರುವ ಮುಂಚೆಯೇ ತೀರ್ಮಾನಿಸಿ. ನಮಗೆ ಬಂದ ಒಂದು ವರದಿಯಲ್ಲಿ ಹಳೆಯ ವರ್ಷದ ಅಂಕಿ ಇತ್ತು. ಸಿಟ್ಟಿನ ಮಾತು ಒಂದೂ ಇಲ್ಲದೆ ವಾರ್ಷಿಕ ವರದಿಯ ಪುಟ ಸಂಖ್ಯೆ ಕೊಟ್ಟು ತಿದ್ದಿ ಕಳಿಸಿದೆವು. ಅವರ ಶಿಫಾರಸು ಬದಲಾಗಲಿಲ್ಲ, ಆದರೆ ಅಂಕಿ ಸರಿಯಾಯಿತು. ಅಷ್ಟಾದರೂ ಆಯಿತಲ್ಲ. ಅದೇ ವರದಿಯಲ್ಲಿ ನೆಸ್ಲೆ ಇಂಡಿಯಾ ಉದಾಹರಣೆಯೂ ಇತ್ತು. 2024ರಲ್ಲಿ ಆ ಕಂಪನಿ ರಾಯಲ್ಟಿಯನ್ನು ಶೇ 4.5ರಿಂದ ಹಂತಹಂತವಾಗಿ ಶೇ 5.25ಕ್ಕೆ ಏರಿಸಲು ಕೇಳಿದಾಗ ಷೇರುದಾರರು ತಿರಸ್ಕರಿಸಿದ್ದರು. ಅಷ್ಟು ದೊಡ್ಡ ಕಂಪನಿಗೇ ಬೇಡ ಅಂದವರು ನಮಗೆ ಯಾಕೆ ಹೂಂ ಅನ್ನುತ್ತಾರೆ? 2014ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನಲ್ಲೂ ವಿಜಯ್ ಮಲ್ಯ ಅವರಿಗೆ ಸಂಬಂಧಿಸಿದ ಕಂಪನಿಗಳ ಜೊತೆಗಿನ ಒಪ್ಪಂದಗಳಲ್ಲಿ ಹೆಚ್ಚಿನವು ಷೇರುದಾರರ ಮತದಲ್ಲಿ ಬಿದ್ದುಹೋಗಿದ್ದವು. ಈ ಊರಿನಲ್ಲಿ ಇದು ಹೊಸ ವಿಷಯವೇನಲ್ಲ.

ಈ ನಡುವೆ ತ್ರೈಮಾಸಿಕ ಮುಗಿಯಿತು. ಫಲಿತಾಂಶ ಹೊರಬಂದು 48 ಗಂಟೆ ಆಗುವವರೆಗೆ ಟ್ರೇಡಿಂಗ್ ವಿಂಡೋ ಬಂದ್, ಅಂದರೆ ಒಳಗಿನವರು ಕಂಪನಿಯ ಷೇರು ಮುಟ್ಟುವಂತಿಲ್ಲ. ಭೇಟಿಯಲ್ಲಿ ಯಾರಾದರೂ "ಈ ಸಲ ಬಿಸಿನೆಸ್ ಹೇಗಿದೆ" ಅಂದರೂ ಬಾಯಿ ಬಿಡುವಂತಿಲ್ಲ. ಹಾಗಂತ ಭೇಟಿಯನ್ನೇ ಮುಂದೂಡಿದರೆ ಮತ ಹೋಗುತ್ತದೆ. ನಾವು ಪ್ರತಿ ಭೇಟಿಗೂ ವಕೀಲರು ನೋಡಿದ ಒಂದೇ ಪ್ರೆಸೆಂಟೇಷನ್ ಬಳಸಿದೆವು, ಅದನ್ನು ಮೊದಲೇ ಎಕ್ಸ್‌ಚೇಂಜಿಗೆ ಹಾಕಿದೆವು. ಯಾರು ಬಂದರು, ಏನು ಕೇಳಿದರು ಅಂತ ಆಗಲೇ ಟಿಪ್ಪಣಿ ಮಾಡಿಟ್ಟೆವು. ಬೇಸರದ ಕೆಲಸ, ಆದರೆ ಬಿಡಬೇಡಿ. "ಅವರಿಗೆ ಹೇಳಿದ್ದು ನಮಗೆ ಹೇಳಲಿಲ್ಲ" ಅನ್ನುವ ದೂರು ಬಂದರೆ ಕೈಯಲ್ಲಿ ಇರುವುದು ಆ ಟಿಪ್ಪಣಿ ಮಾತ್ರ.

ಮೂರನೆಯ ಸಾಲಿನವರು, ಅಂದರೆ ಸಣ್ಣ ಷೇರುದಾರರು, ಈ ಇಡೀ ಓಡಾಟದಲ್ಲಿ ನನಗೆ ಅತಿ ಹತ್ತಿರವಾದವರು. ಮೈಸೂರು, ದಾವಣಗೆರೆ, ಹುಬ್ಬಳ್ಳಿ ಕಡೆ ನಮ್ಮ ಹಳೆಯ ಷೇರುದಾರರು ಬಹಳ ಇದ್ದಾರೆ. ನೋಟಿಸು ಹೋದ ಮೇಲೆ ಫೋನು ಬರಲು ಶುರುವಾಯಿತು. ಕಂಪನಿ ಮುಳುಗುತ್ತಿದೆಯಾ, ಡಿವಿಡೆಂಡ್ ನಿಲ್ಲುತ್ತದಾ, ಈಗಲೇ ಮಾರಿಬಿಡಬೇಕಾ ಅಂತ. ಮಾರಿ ಅಂತಲೂ ಇಟ್ಟುಕೊಳ್ಳಿ ಅಂತಲೂ ನಾವು ಹೇಳುವಂತಿಲ್ಲ. ಇ-ವೋಟಿಂಗ್‌ಗೆ ಬರುವ ಒಟಿಪಿಯನ್ನು ವಂಚಕರದ್ದು ಅಂತ ಹೆದರಿದವರು ಎಷ್ಟೋ ಜನ. ಅವರ ಹೆದರಿಕೆಯಲ್ಲಿ ತಪ್ಪೇನೂ ಇಲ್ಲ. ನಾವು ಯಾರ ಹತ್ತಿರವೂ ಒಟಿಪಿ ಕೇಳುವುದಿಲ್ಲ ಅಂತ ನೋಟಿಸಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿ.

ದಾವಣಗೆರೆಯ ಒಬ್ಬ ನಿವೃತ್ತ ಮೇಷ್ಟ್ರು ನಮ್ಮ ತಂಡದ ಹುಡುಗಿಯ ಜೊತೆ ಮಾತಾಡಿದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿದೆ. "ಅಲ್ಲಮ್ಮ, ಇಷ್ಟು ದಪ್ಪ ಪುಸ್ತಕ ಕಳಿಸಿದೀರಿ. ಇದರಲ್ಲಿ ರಾಯಲ್ಟಿ ಅಂತ ಎಷ್ಟು ದುಡ್ಡು ಹೋಗ್ತದೆ ಅಂತ ಎಲ್ಲಿದೆ?" ಅವಳು ಪುಟ ಹೇಳಿದಳು. ಅವರು ಹುಡುಕಿ ಓದಿದರು. "ನಮಗೆ ಕೊಡೋ ಡಿವಿಡೆಂಡಿಗಿಂತ ಇದು ಜಾಸ್ತಿನಾ ಕಡಿಮೆನಾ?" ಅವಳು ಕಡಿಮೆ ಅಂದಳು, ಎರಡೂ ಅಂಕಿ ಓದಿ ಹೇಳಿದಳು. "ಸರಿ. ಇದನ್ನ ಮೊದಲನೇ ಪುಟದಲ್ಲೇ ಹಾಕಬಾರದಿತ್ತಾ?" ಅಂದು ಫೋನಿಟ್ಟರು. ವಕೀಲರು, ಸಲಹೆಗಾರರು, ಪಿಆರ್ ಏಜೆನ್ಸಿ ಎಲ್ಲ ಸೇರಿ ಕೊಡದ ಸಲಹೆಯನ್ನು ಅವರು ಕೊಟ್ಟಿದ್ದರು. ಅವತ್ತೇ ನಾವು ಒಂದು ಪುಟದ ಕನ್ನಡ ವಿವರಣೆ ತಯಾರಿಸಿ, ವಕೀಲರಿಗೆ ತೋರಿಸಿ, ಎಕ್ಸ್‌ಚೇಂಜಿಗೂ ಕಂಪನಿಯ ವೆಬ್‌ಸೈಟಿಗೂ ಹಾಕಿದೆವು.

ಖರ್ಚಿನ ವಿಷಯ. ವಕೀಲರ ಫೀಸು ಒಂದೇ ನಮ್ಮ ವಿಭಾಗದ ವರ್ಷದ ಬಜೆಟ್ಟನ್ನು ದಾಟಿತು. ಅದರ ಮೇಲೆ ಮತ ಒಗ್ಗೂಡಿಸುವ ಸಲಹಾ ಸಂಸ್ಥೆ, ಪ್ರಿಂಟಿಂಗು, ಅಂಚೆ, ಆರ್‌ಟಿಎ, ಇ-ವೋಟಿಂಗು. ಇದೆಲ್ಲ ಷೇರುದಾರರದೇ ದುಡ್ಡು ಅನ್ನುವುದು ನನ್ನನ್ನು ಬಹಳ ಕಾಡಿತು. ಎಂಡಿ ಅವರ ಸಮಯಕ್ಕಂತೂ ಬಿಲ್ಲು ಬರುವುದಿಲ್ಲ. ಹೊಸ ಘಟಕದ ಮಾತುಕತೆ ಎರಡು ಬಾರಿ ಮುಂದಕ್ಕೆ ಹೋಯಿತು. ಬೆಳಗ್ಗೆ ಪೇಪರಿನಲ್ಲಿ ನಮ್ಮ ಕಂಪನಿಯ ಹೆಸರು ಕಂಡರೆ ಎದೆ ಧಸಕ್ ಅನ್ನುತ್ತಿತ್ತು. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾಗಿದ್ದು ಬೇರೆ. ಮೊದಲಿನಿಂದ ರಾಯಲ್ಟಿ ಪ್ರಶ್ನೆ ಕೇಳುತ್ತಿದ್ದ ಆ ಫಂಡಿನ ಅನಲಿಸ್ಟ್ ನಮ್ಮ ಕಂಪನಿಯನ್ನು ನನ್ನಷ್ಟೇ ಚೆನ್ನಾಗಿ ಬಲ್ಲವರು, ಕಷ್ಟಕಾಲದಲ್ಲೂ ಷೇರು ಮಾರದೆ ಜೊತೆ ನಿಂತವರು. ಅವರನ್ನು ಒಳಗಿನವರು ಶತ್ರು ಅನ್ನುವಾಗ ನನಗೆ ಒಪ್ಪಲಾಗುತ್ತಿರಲಿಲ್ಲ. ನಾನು ಅದನ್ನು ಹೇಳಿಯೂ ಹೇಳಿದೆ. ಇನ್ವೆಸ್ಟರ್ ರಿಲೇಷನ್ಸ್ ಅಂದರೆ ಕಂಪನಿಯ ಮಾತನ್ನು ಹೊರಗೆ ಹೇಳುವುದಷ್ಟೇ ಅಲ್ಲ, ಹೊರಗಿನ ಸಿಟ್ಟನ್ನು ಅದರ ಖಾರ ಕಡಿಮೆ ಮಾಡದೆ ಒಳಗೆ ಮುಟ್ಟಿಸುವುದೂ ಹೌದು ಅಂತ ನಾನು ನಂಬಿದ್ದೇನೆ.

ರಿಮೋಟ್ ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿರಬೇಕು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಯಾರು ಹೇಗೆ ಹಾಕಿದರು ಅಂತ ಆಗ ಕಾಣುವುದಿಲ್ಲ, ಕಾಣಲೂಬಾರದು. ಸ್ಕ್ರೂಟಿನೈಸರ್ ತೆರೆಯುವವರೆಗೆ ಕಾಯಬೇಕು. ಸಭೆ ವಿಡಿಯೊದಲ್ಲಿ ನಡೆಯಿತು. ಮೊದಲೇ ಹೆಸರು ಕೊಟ್ಟ ಷೇರುದಾರರೆಲ್ಲರಿಗೂ ಮಾತಾಡಲು ಬಿಟ್ಟೆವು, ಕಟುವಾಗಿ ಕೇಳಿದವರಿಗೂ. ಯಾರ ಮೈಕನ್ನೂ ನಡುವೆ ಮ್ಯೂಟ್ ಮಾಡಬೇಡಿ ಅಂತ ತಾಂತ್ರಿಕ ತಂಡಕ್ಕೆ ಬರೆದೇ ಕೊಟ್ಟಿದ್ದೆವು.

ಫಲಿತಾಂಶ ಎರಡು ಕೆಲಸದ ದಿನದೊಳಗೆ ಎಕ್ಸ್‌ಚೇಂಜಿಗೆ ಹೋಗಬೇಕು. ಎರಡೂ ನಿರ್ಣಯ ಬಿದ್ದವು. ಸುದ್ದಿಯಲ್ಲಿ ಕಂಪನಿಗೆ ಜಯ ಅಂತ ಬಂತು. ಹಾಳೆಯ ಎರಡನೆಯ ಸಾಲಿನಲ್ಲಿ ಮಾತ್ರ ಹೊಸ ಸ್ವತಂತ್ರ ಡೈರೆಕ್ಟರ್ ಬೇಕು ಅಂದವರೇ ಬಹುಪಾಲು. ಡೈರೆಕ್ಟರನ್ನು ತೆಗೆಯುವ ವಿಚಾರದಲ್ಲಿ ಸಂಸ್ಥೆಗಳು ಇಬ್ಭಾಗವಾಗಿದ್ದವು. ಮ್ಯೂಚುವಲ್ ಫಂಡುಗಳು ಆಮೇಲೆ ಪ್ರಕಟಿಸಿದ ಕಾರಣಗಳನ್ನು ಒಂದೊಂದಾಗಿ ಓದಿದೆ. ನಮ್ಮ ಪರ ಹಾಕಿದವರಲ್ಲೂ ಕೆಲವರು ರಾಯಲ್ಟಿ ಬಗ್ಗೆ ಆತಂಕ ಇದೆ ಅಂತ ಬರೆದಿದ್ದರು.

ಅದನ್ನೆಲ್ಲ ಒಂದು ಕಡೆ ಸೇರಿಸಿ ಬೋರ್ಡಿಗೆ ಕೊಟ್ಟೆವು, ಒಂದು ವಾಕ್ಯವನ್ನೂ ಮೆತ್ತಗೆ ಮಾಡದೆ. ಚರ್ಚೆ ಜೋರಾಗಿಯೇ ನಡೆಯಿತಂತೆ. ಕೊನೆಗೆ ಬೋರ್ಡು ಮೂರು ತೀರ್ಮಾನ ಮಾಡಿತು. ರಾಯಲ್ಟಿ ದರ ಈಗಿರುವುದಕ್ಕಿಂತ ಏರುವುದಿಲ್ಲ. ಒಪ್ಪಂದ ಮುಂದುವರಿಸಬೇಕಾದರೆ, ಕಾನೂನು ಕೇಳದಿದ್ದರೂ, ಪ್ರಮೋಟರುಗಳು ಮತ ಹಾಕದೆ ಉಳಿದ ಷೇರುದಾರರ ಒಪ್ಪಿಗೆ ಪಡೆಯಬೇಕು. ಹೊಸ ಸ್ವತಂತ್ರ ಡೈರೆಕ್ಟರ್ ಹುಡುಕಾಟದಲ್ಲಿ ದೊಡ್ಡ ಷೇರುದಾರರ ಸಲಹೆಯನ್ನೂ ಕೇಳಬೇಕು. ಇವು ಮೂರನ್ನೂ ಇಜಿಎಂಗೆ ಮುಂಚೆಯೇ ಮಾಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ಆ ಖರ್ಚೂ ಉಳಿಯುತ್ತಿತ್ತು.

ಈ ದಾರಿಯಲ್ಲಿ ಈಗ ಕಾಲಿಟ್ಟವರಿಗೆ ಇನ್ನೊಂದೆರಡು ಮಾತು. ಹಿಂದಿನ ಎಲ್ಲ ಕಾನ್ಫರೆನ್ಸ್ ಕಾಲ್‌ಗಳ ಲಿಖಿತ ಪ್ರತಿ ತೆಗೆದು, ಮತ್ತೆ ಮತ್ತೆ ಬಂದ ಪ್ರಶ್ನೆ ಯಾವುದು ಅಂತ ಗುರುತು ಹಾಕಿ. ಮುಂದಿನ ಕೋರಿಕೆ ಪತ್ರದ ವಿಷಯ ಅಲ್ಲೇ ಇರುತ್ತದೆ. ಮುಂದಿನ ಎರಡು ವರ್ಷದಲ್ಲಿ ಯಾವ ಯಾವ ವಿಶೇಷ ನಿರ್ಣಯ ಬರಲಿದೆ ಅಂತ ಪಟ್ಟಿ ಮಾಡಿ, ಪ್ರಮೋಟರುಗಳನ್ನು ಬಿಟ್ಟು ಎಣಿಸಿ ನೋಡಿ. ಸದಸ್ಯರ ರಿಜಿಸ್ಟರ್ ನೋಡಬೇಕು, ಪ್ರತಿ ಬೇಕು ಅಂತ ಷೇರುದಾರರು ಕೇಳಿದರೆ ಸತಾಯಿಸಬೇಡಿ. ಅದು ಅವರ ಹಕ್ಕು, ಏಳು ದಿನದೊಳಗೆ ಕೊಡಬೇಕು.

ಆ ಫಂಡು ನಮ್ಮ ಷೇರನ್ನು ಮಾರಿಲ್ಲ. ಫಲಿತಾಂಶ ಬಂದ ಮೇಲೆ ಅದೇ ಅನಲಿಸ್ಟ್ ಫೋನ್ ಮಾಡಿ, ಹೊಸ ಘಟಕದ ಬಗ್ಗೆ ತಿಳಿಯಬೇಕು, ಸಮಯ ಕೊಡಿ ಅಂದರು. ಈ ಸಲದ ಭೇಟಿಗೆ ಆಡಿಟ್ ಕಮಿಟಿಯ ಅಧ್ಯಕ್ಷರೇ ಬರಲು ಒಪ್ಪಿದ್ದಾರೆ.